ನಾಲ್ಕು ಮೀಟರ್ ನೆರಳು

ನೆರಳನ್ನು ಹೊಲಿದವಳು ನಾನು. ಕಪ್ಪು ಸ್ಯಾಟಿನ್, ನಾಲ್ಕು ಮೀಟರ್. ನೆಲಕ್ಕೆ ಅಂಟಿಕೊಂಡು ಜಾರಲಿ ಎಂದು ಅಂಚಿನೊಳಗೆ ಸೀಸದ ಸಣ್ಣ ಗುಂಡುಗಳನ್ನಿಟ್ಟು ಮಡಿಚಿ ಹೊಲಿದಿದ್ದೆ. ಸೋಫಿಯಾದ ಟೆಲಿವಿಷನ್ ಸ್ಟುಡಿಯೋದ ಉಡುಪಿನ ಕೋಣೆಗೆ ನಾನು ಸೇರಿ ಆಗ ಎರಡು ವರ್ಷವಾಗಿತ್ತು. ನನ್ನ ದನಿ ಹೇಗಿದೆ ಎಂದು ಅಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಭಾನುವಾರ ಸಂಜೆ ಮಕ್ಕಳಿಗಾಗಿ ಬರುವ ನಗೆನಾಟಕಕ್ಕೆ ಆ ಸಲ ಸೇತುವೆಯ ಕಥೆಯನ್ನು ಆರಿಸಿದ್ದರು. ನಮ್ಮಲ್ಲಿ ಅದನ್ನು ಕೇಳದೆ ಬೆಳೆದವರಿಲ್ಲ. ಅಣ್ಣತಮ್ಮಂದಿರು ಹಗಲು ಕಟ್ಟಿದ ಸೇತುವೆ ಇರುಳಿಗೆ ಬೀಳುತ್ತದೆ. ನಾಳೆ ಮೊದಲು ಬುತ್ತಿ ತರುವ ಹೆಂಡತಿಯನ್ನು ಗೋಡೆಯೊಳಗಿಟ್ಟು ಕಟ್ಟೋಣ, ಮನೆಯಲ್ಲಿ ಯಾರೂ ಬಾಯಿಬಿಡಕೂಡದು ಎಂದು ಆಣೆಯಿಟ್ಟುಕೊಳ್ಳುತ್ತಾರೆ. ದೊಡ್ಡವರು ಹೆಂಡತಿಯರಿಗೆ ಹೇಳಿಬಿಡುತ್ತಾರೆ. ಕಿರಿಯವನು ಮಾತು ಉಳಿಸಿಕೊಳ್ಳುತ್ತಾನೆ. ಬುತ್ತಿ ಹೊತ್ತು ಅವನ ಹೆಂಡತಿ ಬರುತ್ತಾಳೆ.

ಹೆಂಗಸನ್ನು ಗೋಡೆಯೊಳಗಿಟ್ಟು ಮಕ್ಕಳನ್ನು ನಗಿಸುವುದು ಹೇಗೆಂದು ನಿರ್ದೇಶಕ ಕಾಮೆನೋವ್ ತಲೆ ಕೆರೆದುಕೊಳ್ಳುತ್ತಿದ್ದರು. ಕಿರಿಯ ಸೊಸೆಯ ಪಾತ್ರದ ಎವ್ಡೋಕಿಯಾ ದಪ್ಪ ಹೆಂಗಸು, ಮಹಾ ಮಾತುಗಾತಿ. ನಾನು ಅವಳ ಕಾಲ ಬಳಿ ಕುಳಿತು ಲಂಗದ ಅಂಚಿಗೆ ಪಿನ್ನು ಚುಚ್ಚುತ್ತಿದ್ದೆ. ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದು, ನಮ್ಮ ಕಡೆ ಈಗ ಹೆಂಗಸನ್ನು ಇಡುವುದಿಲ್ಲ, ನೆರಳನ್ನು ಇಡುತ್ತಾರೆ ಎಂದೆ.

ಎಲ್ಲರೂ ತಿರುಗಿ ನೋಡಿದರು. ಕೇಳುವವರು ಸಿಕ್ಕರೆ ಮೂಗಿಯೂ ಹರಟೆಮಲ್ಲಿಯಾಗುತ್ತಾಳೆ. ರೊಡೊಪಿ ಬೆಟ್ಟದ ನಮ್ಮ ಗಾರೆಯವರ ಗುಟ್ಟನ್ನೆಲ್ಲ ಹೇಳಿಬಿಟ್ಟೆ. ಗೋಡೆ ನಿಲ್ಲದಿದ್ದರೆ, ತಳಪಾಯದ ಹತ್ತಿರ ಬೆಳಿಗ್ಗೆ ಮೊದಲು ಹಾದುಹೋದವರ ನೆರಳಿನ ಉದ್ದವನ್ನು ಅವರಿಗೆ ತಿಳಿಯದಂತೆ ದಾರದಲ್ಲಿ ಅಳೆಯಬೇಕು. ಅಳೆಯುವಾಗ ಮುಖ ನೋಡಬಾರದು. ಗಂಟು ಹಾಕಿದ ದಾರವನ್ನು ಕಲ್ಲಿನ ಕೆಳಗಿಟ್ಟರೆ ಗೋಡೆ ನಿಲ್ಲುತ್ತದೆ, ಆ ಮನುಷ್ಯ ನಲವತ್ತು ದಿನದಲ್ಲಿ ಹೋಗುತ್ತಾನೆ. ನಮ್ಮೂರಿನಲ್ಲಿ ಒಬ್ಬ ತಮ್ಮ ಹೀಗೆ ದಾರ ಹಿಡಿದು ಗಂಟು ಹಾಕಿ ತಲೆಯೆತ್ತಿದರೆ, ಬೀನ್ಸಿನ ಸಾರಿನ ಮಡಕೆ ಹಿಡಿದು ಅವನ ಹೆಂಡತಿಯೇ ನಿಂತಿದ್ದಳು ಎಂದೆ. ಅಂದು ಬುತ್ತಿ ತರುವ ಸರದಿ ಅಣ್ಣನ ಹೆಂಡತಿಯದು, ಬೆಳಿಗ್ಗೆ ಅವಳ ಕಾಲು ಉಳುಕಿತ್ತಂತೆ ಎಂದೂ ಹೇಳಿದೆ. ಕಾಮೆನೋವ್ ಪೆನ್ಸಿಲ್ ನಿಲ್ಲಿಸದೆ ಬರೆದುಕೊಂಡರು. ಆ ಹೆಂಡತಿ ನನ್ನ ಅಮ್ಮ ನೇದಾ ಎಂದು ಮಾತ್ರ ನಾನು ಹೇಳಲಿಲ್ಲ.

ಅಮ್ಮ ಸತ್ತದ್ದು ಮೂವತ್ತೆಂಟನೆಯ ದಿನ. ಡಾಕ್ಟರು ನ್ಯುಮೋನಿಯಾ ಎಂದು ಬರೆದರು. ನನಗೆ ಏಳು ವರ್ಷ. ಅಪ್ಪ ಮತ್ತು ದೊಡ್ಡಪ್ಪ ಸ್ಟಮೆನ್ ಸೇರಿ ಕಟ್ಟುತ್ತಿದ್ದದ್ದು ನಮ್ಮೂರ ಶಾಲೆಯನ್ನು. ಅದರ ಗೋಡೆ ಎರಡು ಸಲ ಬಿರುಕು ಬಿಟ್ಟಿತ್ತು. ಮೂರನೆಯ ಸಲ ನಿಂತಿತು, ಈಗಲೂ ನಿಂತಿದೆ. ಆ ಶಾಲೆಯಲ್ಲಿ ನಾನು ಕಿಟಕಿ ಪಕ್ಕದ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದೆ. ಟೀಚರ್ ಜಾಗ ಬದಲಿಸಿದರೆ ಬಿಡುವಿನಲ್ಲಿ ಮತ್ತೆ ಅಲ್ಲೇ ಬಂದು ಕೂರುತ್ತಿದ್ದೆ. ನಿಮ್ಮಮ್ಮ ಇವತ್ತು ಏನಂದಳು ಎಂದು ಮಕ್ಕಳು ಕೇಳುತ್ತಿದ್ದರು. ಹದಿಮೂರಕ್ಕೆ ಅಪ್ಪ ಶಾಲೆ ಬಿಡಿಸಿದ. ದೊಡ್ಡಪ್ಪನ ಹೆಂಡತಿ, ದೊಡ್ಡಮ್ಮ ಗಿನ್ಕಾ, ನನಗೆ ಹೊಲಿಗೆ ಕಲಿಸಿದಳು. ಜಡೆ ಹೆಣೆದವಳೂ ಅವಳೇ. ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಗೇಟಿನ ಮೊಳೆಗೆ ಬಟ್ಟೆಯಲ್ಲಿ ಸುತ್ತಿದ ಬಿಸಿ ಬ್ರೆಡ್ಡನ್ನು ತೂಗುಹಾಕಿ ಹೋಗುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಒಂದು ಸೋಮವಾರವೂ ತಪ್ಪಿರಲಿಲ್ಲ.

ಪ್ರಸಾರದ ದಿನ ನಾನು ಬಸ್ಸು ಹತ್ತಿ ಊರಿಗೆ ಬಂದದ್ದು ಒಂದೇ ಕಾರಣಕ್ಕೆ. ಆ ದಾರವನ್ನು ಅಪ್ಪ ನೋಡಬಾರದು. ಊರಿನ ದೊಡ್ಡ ಟೀವಿ ಇದ್ದದ್ದು ಶಾಲೆಯಲ್ಲಿ. ಕಟ್ಟಿ ಮುಗಿಸಿದ ಮೇಲೆ ಅಪ್ಪ ಅದರ ಹೊಸ್ತಿಲು ತುಳಿದಿರಲಿಲ್ಲ. ಆದರೂ ಇರಲಿ ಎಂದು, ಸಂಜೆ ಒಲೆಯ ಕೊಳವೆ ಸರಿಮಾಡಿಕೊಡು ಎಂದು ಅವನನ್ನು ಕೇಳಿಕೊಂಡಿದ್ದೆ.

ಕೆಡಿಸಿದವಳು ದೊಡ್ಡಮ್ಮ. ನಮ್ಮ ಮಿನ್ಕಾ ಹೊಲಿದ ಬಟ್ಟೆ ಟೀವಿಯಲ್ಲಿ ಬರುತ್ತದೆ ಎಂದು ಊರಿಡೀ ಸಾರಿ ಬಂದಿದ್ದಳು. ಐದು ಗಂಟೆಗೆ ಹೊಸ ಶಾಲು ಹೊದ್ದು ಬಂದು ಅಪ್ಪನ ಕೈ ಹಿಡಿದಳು.

"ಕೊಳವೆ ಎಲ್ಲೂ ಓಡಿಹೋಗಲ್ಲ, ವೇಲ್ಚೋ. ಮಗಳ ಹೆಸರು ಬರತ್ತಂತೆ. ಅಪ್ಪ ಅನ್ನಿಸ್ಕೊಂಡೋನು ಮನೇಲಿ ಕೂತು ಮಸಿ ಕೆರೀತಿಯಾ?"

ಅಪ್ಪ ನನ್ನ ಮುಖ ನೋಡಿದ. ನಾನು ಬೇಡ ಎನ್ನಬೇಕಿತ್ತು. ಅವನು ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದ.

ನಾನು ಓದಿದ ಕೋಣೆಯೇ. ಮುಂದಿನ ಬೆಂಚುಗಳಲ್ಲಿ ಮಕ್ಕಳು, ಹಿಂದೆ ದೊಡ್ಡವರು. ಅಪ್ಪ ಬಾಗಿಲ ಬಳಿ ನಿಂತೇ ಇದ್ದ. ದೊಡ್ಡಪ್ಪ ದೊಡ್ಡಮ್ಮನ ಪಕ್ಕ ನಾನು ಕುಳಿತೆ.

ಕಾಮೆನೋವ್ ಕಿರಿಯ ತಮ್ಮನನ್ನು ಮಂಕನನ್ನಾಗಿ ಮಾಡಿದ್ದರು. ಅವನು "ನಾನು ಮಾತು ಕೊಟ್ಟಿದ್ದೀನಿ" ಎಂದಾಗಲೆಲ್ಲ ಮೇಲಿಂದ ಒಂದು ಕಲ್ಲು ಅವನ ಕಾಲ ಮೇಲೆ ಬೀಳುತ್ತಿತ್ತು. ಮೂರನೆಯ ಸಲಕ್ಕೆ ಮಕ್ಕಳು ಅವನಿಗಿಂತ ಮೊದಲೇ ಒಟ್ಟಿಗೆ ಕೂಗತೊಡಗಿದರು. ಆಮೇಲೆ ದಾರ ಬಂತು. ತಮ್ಮ ನೆಲದ ಮೇಲೆ ತೆವಳುತ್ತ ಎವ್ಡೋಕಿಯಾಳ ನೆರಳನ್ನು ಅಳೆಯುತ್ತಾನೆ. ಅವಳು ಊಟಕ್ಕೆ ಕರೆಯುತ್ತ ಅತ್ತಿತ್ತ ಓಡಾಡುತ್ತಾಳೆ. ಅವನು ದಾರದಲ್ಲಿ ತನ್ನನ್ನೇ ಸುತ್ತಿಕೊಂಡು ಉರುಳುತ್ತಾನೆ. ಕೋಣೆಯೆಲ್ಲ ನಗು. ನಾನು ಅಪ್ಪನ ಕಡೆ ತಿರುಗಲಿಲ್ಲ.

ಅದಾದ ಮೇಲೆ, ಆ ಬೆಳಿಗ್ಗೆ ಅಣ್ಣನ ಮನೆಯಲ್ಲಿ ಏನಾಗಿತ್ತು ಎಂದು ತೋರಿಸಿದರು. ಅಣ್ಣ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿ ಅವಳ ಕಾಲಿಗೆ ಪಟ್ಟಿ ಸುತ್ತುತ್ತಾನೆ. ಪಟ್ಟಿ ಕುಂಬಳಕಾಯಿಯಷ್ಟಾಗುತ್ತದೆ. ತಮ್ಮ ಒಳಗೆ ಬಂದೊಡನೆ ಅವಳು ಇನ್ನೊಂದು ಕಾಲನ್ನು ಹಿಡಿದುಕೊಂಡು ನರಳುತ್ತಾಳೆ. "ಅಯ್ಯೋ, ಆ ಕಾಲಲ್ಲ ಕಣೇ, ಈ ಕಾಲು!" ಎಂದು ಅಣ್ಣ ಹಲ್ಲು ಕಡಿಯುತ್ತಾನೆ. ಮಕ್ಕಳು ಬೆಂಚು ಗುದ್ದಿ ನಕ್ಕರು.

ಕಾಲಿನ ಮಾತನ್ನು ಕಾಮೆನೋವ್‌ಗೆ ಕೊಟ್ಟವಳು ನಾನೇ. ಸೇತುವೆಯ ಕಥೆಯನ್ನೂ ನಮ್ಮ ಮನೆಯ ಆ ಬೆಳಿಗ್ಗೆಯನ್ನೂ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಒಬ್ಬರ ಕೈಯಲ್ಲಿ ಉಂಡವರು ಹಾಗೆ ನೋಡುವುದಿಲ್ಲ. ನಮ್ಮ ಮನೆಯ ಗುರುತೇ ಇಲ್ಲದ ಕಾಮೆನೋವ್ ಒಂದು ಸಲ ಕೇಳಿಸಿಕೊಂಡು ಕಂಡುಬಿಟ್ಟಿದ್ದರು.

ದೊಡ್ಡಮ್ಮನ ಕೈ ನನ್ನ ಮೊಣಕಾಲ ಮೇಲಿತ್ತು. ಅದನ್ನು ಮೆಲ್ಲನೆ ತೆಗೆದುಕೊಂಡಳು. ಶಾಲು ಎಳೆದುಕೊಂಡು ಎದ್ದು, ಅಪ್ಪನ ಮುಂದೆಯೇ ಹಾದು ಹೊರಗೆ ಹೋದಳು. ದೊಡ್ಡಪ್ಪ ಕುಳಿತೇ ಇದ್ದ, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ. ಸ್ವಲ್ಪ ಹೊತ್ತಿಗೆ ಅವನೂ ಹೋದ.

ಕೊನೆಯಲ್ಲಿ ಎವ್ಡೋಕಿಯಾ, ಮನೆಯಲ್ಲಿ ಹಿಟ್ಟು ಉಬ್ಬೋಕೆ ಇಟ್ಟಿದ್ದೀನಿ, ನಿಮ್ಮ ಗೋಡೆಯೊಳಗೆ ಕೂರೋಕೆ ನನಗೆಲ್ಲಿ ಪುರುಸೊತ್ತು ಎಂದು ಬೈಯುತ್ತ ಕಲ್ಲಿನಡಿಯಿಂದ ತನ್ನ ನೆರಳನ್ನು ಎಳೆದಳು. ನಾಲ್ಕು ಮೀಟರ್ ಸ್ಯಾಟಿನ್ ಸರಾಗವಾಗಿ ಬಂತು. ಹಾಸಿಗೆಯ ಬಟ್ಟೆಯ ಹಾಗೆ ಎರಡು ಸಲ ಕೊಡವಿ, ಮಡಿಸಿ ಬುಟ್ಟಿಯಲ್ಲಿಟ್ಟುಕೊಂಡು ಮನೆಗೆ ನಡೆದಳು. ನನ್ನ ಹೊಲಿಗೆ ಎಲ್ಲೂ ಸುಕ್ಕಾಗಿರಲಿಲ್ಲ. ನನ್ನ ಹೆಸರು ಬಂತು. ಜನ ಚಪ್ಪಾಳೆ ತಟ್ಟಿದರು, ಎದ್ದರು, ಹೋದರು.

ಅಪ್ಪ ಬೆಂಚುಗಳ ನಡುವೆ ಬಂದು ನನ್ನೆದುರು ನಿಂತ.

"ದಾರದ ವಿಷಯ ನೀನು ಹೇಳಿದ್ದಾ?"

"ಹೂಂ."

"ಕಾಲಿಂದೂ?"

"ಹಾಗೇ ಬಾಯಿಗೆ ಬಂತು ಅಪ್ಪ. ಅದರಲ್ಲಿ ಏನಿದೆ ಅಂತ ನಂಗೆ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿತ್ತು." ಅವನು ಮಕ್ಕಳ ಬೆಂಚಿನ ಮೇಲೆ ಕುಳಿತ. ಮೊಣಕಾಲು ಎದೆಗೆ ಬಂತು. "ಅದಾಗಿ ಒಂಬತ್ತು ದಿನಕ್ಕೆ ಸಂತ ಜಾರ್ಜನ ಹಬ್ಬ. ನಿನ್ನ ದೊಡ್ಡಮ್ಮ ಕುಣಿತದ ಸಾಲಿನ ತುದೀಲಿ ನಿಂತು ಕುಣಿದ್ಲು. ಯಾವ ಕಾಲು ಉಳುಕಿತ್ತೋ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಅವರ ಮನೆ ಬಾಗಿಲು ಮುಚ್ಕೊಳ್ತಿತ್ತು. ನಿನಗೆ ಜಡೆ ಹಾಕೋರು ಬೇಕಿತ್ತಲ್ಲ. ನನ್ನ ಕೈಗೆ ಕಲ್ಲು ಬಿಟ್ರೆ ಏನು ಬರತ್ತೆ?"

ಹನ್ನೆರಡು ವರ್ಷ ಅವನು ಆ ಬಾಗಿಲು ಮುಚ್ಚದಂತೆ ಬೆನ್ನು ಕೊಟ್ಟು ನಿಂತಿದ್ದ. ನಾನು ನಾಲ್ಕು ಜನ ನನ್ನ ಮಾತು ಕೇಳಲಿ ಎಂದು ಅದನ್ನು ಮುಚ್ಚಿಸಿಬಿಟ್ಟಿದ್ದೆ. ತಪ್ಪಾಯಿತು ಎಂದೆ. ಅವನು, ನೀನು ಎಲ್ಲಿ ಕೂರುತ್ತಿದ್ದೆ ಎಂದು ಕೇಳಿದ. ಗೋಡೆಗೆ ಕಿವಿಯಿಡುತ್ತಿದ್ದದ್ದನ್ನು ಟೀಚರ್ ಅವನಿಗೆ ಹೇಳಿದ್ದರೆಂದು ನನಗೆ ಆಗ ತಿಳಿಯಿತು. ಕಿಟಕಿಯ ಪಕ್ಕ ತೋರಿಸಿದೆ.

ಅಪ್ಪ ತಲೆಯಾಡಿಸಿದ. "ಅಲ್ಲಲ್ಲ ಮಗಳೇ."

ಬಾಗಿಲ ಹಿಂದಿನ ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ಮಕ್ಕಳು ಕೋಟು ತೂಗುಹಾಕುವ ಗೂಟಗಳ ಸಾಲು. ಯಾರೋ ಮರೆತ ಕೆಂಪು ಟೋಪಿಯೊಂದು ನೇತಾಡುತ್ತಿತ್ತು. ಅದನ್ನು ಸರಿಸಿ, ಬಗ್ಗಿ, ನೆಲದ ಹತ್ತಿರದ ಕಲ್ಲೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಕಲ್ಲು ಗಟ್ಟಿಯಿದೆಯೇ ಎಂದು ನೋಡುವಾಗ ತಟ್ಟುತ್ತಾನಲ್ಲ, ಹಾಗೆ. ಆರು ವರ್ಷ ನಾನು ನನ್ನ ಕೋಟನ್ನೂ ಅಲ್ಲಿಯೇ ತೂಗುಹಾಕಿ, ಬೆನ್ನು ತಿರುಗಿಸಿ, ಬೇರೆ ಗೋಡೆಯ ಹತ್ತಿರ ಹೋಗಿ ಕೂರುತ್ತಿದ್ದೆ.

ಮರುದಿನ ಸೋಮವಾರ. ಗೇಟಿನ ಮೊಳೆ ಬರಿದಾಗಿತ್ತು. ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳು "ನಾನು ಮಾತು ಕೊಟ್ಟಿದ್ದೀನಿ" ಎಂದು ಕೂಗಿ, ಕಾಲು ಹಿಡಿದುಕೊಂಡು ಕುಂಟುವ ಆಟ ಆಡುತ್ತಿದ್ದವು. ನಾನು ಒಳಗೆ ಬಂದಾಗ ಅಪ್ಪ ತೋಳು ಮಡಿಚಿ ಬೋಗುಣಿಯ ಮುಂದೆ ನಿಂತಿದ್ದ. ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ನೀರು ಸುರಿದು, ಅಂಚಿನಿಂದ ಒಳಕ್ಕೆ ಎಳೆಯುತ್ತಿದ್ದ, ಗಾರೆ ಕಲಸುವ ಹಾಗೆ.

"ಇದಕ್ಕೆ ಉಪ್ಪು ಯಾವಾಗ ಹಾಕ್ತಾರೆ?" ಎಂದು ಕೇಳಿದ.

ದೊಡ್ಡಮ್ಮ ಯಾವಾಗ ಹಾಕುತ್ತಿದ್ದಳೆಂದು ನಾನು ನೆನಪಿಸಿಕೊಂಡು ಹೇಳಿದೆ.