ಒಣಮೀನಿನ ಮೇಲೆ ಹಾದ ನೆರಳು

ಬೀಜಾಡಿಯ ಕಡಲ ದಂಡೆಯಲ್ಲಿ ಜಲಜ ಮೀನು ಒಣಗಿಸಲು ತೊಡಗಿ ಹದಿನಾಲ್ಕು ವರ್ಷ ಕಳೆದಿತ್ತು. ಅದಕ್ಕೂ ಮೊದಲು ಹನ್ನೊಂದು ವರ್ಷ ಮುಂಬೈಯ ಸಸೂನ್ ಡಾಕಿನಲ್ಲಿ ಸಿಗಡಿ ಸುಲಿದವಳು ಅವಳು. ಗಂಡ ಬಚ್ಚ ಅಲ್ಲೇ ಒಂದು ಬೋಟಿಗೆ ಹೋಗುತ್ತಿದ್ದ. ತೊಂಬತ್ತೇಳರಲ್ಲಿ ಇಬ್ಬರೂ ಊರಿಗೆ ಮರಳಿದರು. ಬಚ್ಚ ಗಂಗೊಳ್ಳಿಯ ಬೋಟೊಂದಕ್ಕೆ ತಾಂಡೇಲನಾಗಿ ಬಹಳ ವರ್ಷ ಚುಕ್ಕಾಣಿ ಹಿಡಿದ. ಮೊಣಕಾಲು ಕೈಕೊಟ್ಟ ಮೇಲೆ ಜಗಲಿಯಲ್ಲಿ ಕೂತು ಊರವರ ಹರಿದ ಬಲೆ ಸರಿಮಾಡಿಕೊಡುವುದೇ ಅವನ ಕೆಲಸವಾಯಿತು. ಮಗ ರೋಷನ್ ಮಲ್ಪೆಯ ಬೋಟಿನಲ್ಲಿದ್ದ. ಜಲಜ ಮಾತ್ರ ಮಳೆಗಾಲ ಬಿಟ್ಟರೆ ಒಂದು ದಿನವೂ ತಪ್ಪದೆ ಬೆಳಿಗ್ಗೆ ಏಳಕ್ಕೆಲ್ಲ ಮರಳಿಗಿಳಿದು, ಗೂಟ ಹೊಡೆದು ಬಿಗಿದ ಹಳೆಯ ಬಲೆಗಳ ಮೇಲೆ ಉಪ್ಪು ಹಚ್ಚಿದ ಬೈಗೆ ಮೀನನ್ನೂ ನಂಗು ಮೀನನ್ನೂ ಹರಡುತ್ತಿದ್ದಳು. ಕೋಟೇಶ್ವರದ ಸಂತೆಯಲ್ಲಿ ಅವಳ ಒಣಮೀನಿಗೆ ಹೆಸರಿತ್ತು. ಮರಳು ಹತ್ತದ ಮೀನು ಬೇಕಾದರೆ ಜಲಜಕ್ಕನ ಹತ್ತಿರವೇ ತೆಗೆದುಕೊಳ್ಳಬೇಕು ಎನ್ನುತ್ತಿದ್ದರು.

2012ರ ಜನವರಿ, ಸಂಕ್ರಾಂತಿಗೆ ಎರಡು ದಿನವಿತ್ತು. ಹೊತ್ತು ಎಂಟೂವರೆಯ ಸುಮಾರು. ಸೂರ್ಯ ಆಗಷ್ಟೇ ತೆಂಗಿನ ಮರಗಳ ತಲೆ ದಾಟಿ ಮರಳಿನ ಮೇಲೆ ಬಿಸಿಲು ಚೆಲ್ಲಿದ್ದ. ಜಲಜ ಬಗ್ಗಿ ಮೀನು ಮಗುಚಿ ಹಾಕುತ್ತಿದ್ದವಳು, ಇದ್ದಕ್ಕಿದ್ದಂತೆ ತನ್ನ ಕೈಯ ಮೇಲೆ ನೆರಳು ಬಿದ್ದದ್ದನ್ನು ಕಂಡಳು. ಮೋಡವಿರಬೇಕೆಂದುಕೊಂಡಳು, ಆದರೆ ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ತಲೆಯೆತ್ತಿದರೆ, ತೋಟದ ಅಂಚಿನಲ್ಲಿ, ತೆಂಗಿನ ಮರದ ಎರಡರಷ್ಟು ಎತ್ತರದಲ್ಲಿ, ಮಗುಚಿ ಹಾಕಿದ ದೋಣಿಯಂಥದ್ದೊಂದು ನಿಂತಿತ್ತು. ರೆಕ್ಕೆಯಿಲ್ಲ, ಬಾಲವಿಲ್ಲ, ಸದ್ದಿಲ್ಲ. ಚಿಪ್ಪಿನ ಒಳಮೈಯಂತೆ ನಸುವಾಗಿ ಹೊಳೆಯುತ್ತಿತ್ತು. ಮೀನಿಗಾಗಿ ಸುತ್ತುತ್ತಿದ್ದ ಗಿಡುಗಗಳೆಲ್ಲ ಎಲ್ಲಿ ಹೋದವೋ, ಒಂದೂ ಕಾಣಲಿಲ್ಲ. ಜಲಜ ಎರಡು ಹೆಜ್ಜೆ ಹಿಂದೆ ಸರಿದು ಮರಳಿನ ಮೇಲೆ ಕೂತುಬಿಟ್ಟಳು. ಹತ್ತು ಎಣಿಸುವಷ್ಟು ಹೊತ್ತು ಅದು ಹಾಗೇ ಇತ್ತು. ಆಮೇಲೆ ನೆರಳು ಬಲೆಗಳ ಮೇಲಿಂದ ಜಾರಿತು. ಆ ವಸ್ತು ಕಡಲ ಕಡೆ ತಿರುಗಿ, ಅವಳು ಕಣ್ಣು ಮಿಟುಕಿಸುವುದರೊಳಗೆ ಚುಕ್ಕಿಯಾಗಿ ಹೋಯಿತು.

ಅವಳಿಗೆ ಹೆದರಿಕೆಯಾಗಲಿಲ್ಲ. ಎಂಥದ್ದೋ ಅಪರೂಪದ್ದನ್ನು ಕಂಡೆ ಅನ್ನಿಸಿತು, ಯಾರಿಗಾದರೂ ಹೇಳಬೇಕು ಅನ್ನಿಸಿತು. ಮನೆಗೆ ಓಡಿ ಬಂದು ಗಂಡನಿಗೆ ಹೇಳಿದಳು. ಬಚ್ಚ ಕೈಯಲ್ಲಿದ್ದ ಬಲೆಯ ಗಂಟು ಬಿಗಿಯುತ್ತ ಕೇಳಿಸಿಕೊಂಡು, "ಬಿಸ್ಲ್ ತಲಿಗೆ ಹತ್ತಿತ್ ನಿಂಗೆ. ಮಜ್ಜಿಗೆ ಕುಡ್ದ್ ಒಂದ್ ಗಳಿಗಿ ಮನಿಕೋ" ಎಂದ. ತಾನೇ ಎದ್ದು ಮಜ್ಜಿಗೆಯನ್ನೂ ಮಾಡಿಕೊಟ್ಟ. ಬಿಸಿಲೇರುವ ಮೊದಲೇ ನಡೆದ ಸಂಗತಿಗೆ ಬಿಸಿಲು ಹೇಗೆ ಕಾರಣವಾಗುತ್ತದೆ ಎಂದು ಅವಳು ಕೇಳಿದರೆ, ಮೊದಲು ಕುಡಿ ಎಂದ. ನೆರೆಮನೆಯ ಸುಂದರಿಗೆ ಹೇಳಿದ್ದು ಇನ್ನೂ ದೊಡ್ಡ ತಪ್ಪಾಯಿತು. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಗಿತ್ತು. ಶನಿವಾರದ ಸಂತೆಯಲ್ಲಿ ಮೀನಿನ ಹೆಂಗಸರು, ಜಲಜಕ್ಕ ಇವತ್ತು ಬಸ್ಸಿನಲ್ಲಿ ಬಂದದ್ದೋ ವಿಮಾನದಲ್ಲೋ ಎಂದು ವಿಚಾರಿಸಿದರು. ಜಲಜ ತಾನೂ ಅವರ ಜೊತೆ ನಕ್ಕಳು. ಮತ್ತೆ ಆ ಮಾತೆತ್ತಲಿಲ್ಲ. ಆದರೆ ಮೀನು ಹರಡುವಾಗ ನಡುನಡುವೆ ಮೇಲೆ ನೋಡುವುದನ್ನು ಬಿಡಲಾಗಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ದಿನ ಹನ್ನೊಂದು ಗಂಟೆಗೆ, ಕರಾವಳಿ ಕಾವಲಿನ ಪೊಲೀಸ್ ಚಂದಯ್ಯ ಇಬ್ಬರನ್ನು ಕರೆದುಕೊಂಡು ಅವರ ಅಂಗಳಕ್ಕೆ ಬಂದ. ಒಬ್ಬರು ಐವತ್ತರ ಆಸುಪಾಸಿನವರು, ನರೆತ ಮೀಸೆ, ಮಾತು ಕಡಿಮೆ. ಇನ್ನೊಬ್ಬ ಮೂವತ್ತಾಗದ ಹುಡುಗ, ಕಂಕುಳಲ್ಲಿ ಒಂದು ಫೈಲು. ಪೊಲೀಸರನ್ನು ಕಂಡದ್ದೇ ಬಚ್ಚ ಬಲೆ ಬಿಟ್ಟು ಎದ್ದ. ಮಗನ ಬೋಟಿಗೆ ಏನೋ ಆಗಿದೆ ಎಂದುಕೊಂಡ. ಹಾಗೇನಿಲ್ಲ, ಇವರು ಕಡಲು ಕಾಯುವ ಸೇನೆಯ ವಿಮಾನದವರು, ಈ ದಂಡೆಯಲ್ಲಿ ಮೀನು ಒಣಗಿಸುವವರನ್ನು ಮಾತಾಡಿಸಬೇಕಂತೆ ಎಂದು ಚಂದಯ್ಯ ಸಮಾಧಾನ ಹೇಳಿದ.

ಹಿರಿಯ ಅಧಿಕಾರಿ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ಸಂಕ್ರಾಂತಿಗೆ ಎರಡು ದಿನ ಮೊದಲು, ಬೆಳಿಗ್ಗೆ ಎಂಟೂವರೆಗೆ, ಅವಳು ಏನು ಮಾಡುತ್ತಿದ್ದಳು?

ಜಲಜ ಗಂಡನ ಮುಖ ನೋಡಿದಳು. ಬಚ್ಚ ನೆಲ ನೋಡುತ್ತಿದ್ದ. ಸಂತೆಯ ನಗು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅವಳು ಚಂದಯ್ಯನ ಕಡೆ ತಿರುಗಿದಳು. "ಹ್ವಾಯ್, ನಾನ್ ಕಂಡದ್ದನ್ನ್ ಹೇಳ್ತೆ. ನೆಗಾಡುದಾದ್ರೆ ನೀವೆಲ್ಲ ಈಗ್ಳೇ ಹೋಯ್ಲಕ್ಕ್."

"ಯಾರೂ ನೆಗಾಡುದಿಲ್ಲೆ ಜಲಜಕ್ಕ," ಎಂದ ಚಂದಯ್ಯ. "ಇವ್ರ್ ಅಷ್ಟ್ ದೂರದಿಂದ ಬಂದದ್ದೇ ಅದ್ನ್ ಕೇಂಬುಕೆ."

ಅವಳು ತನ್ನ ಮುಂಬೈ ಹಿಂದಿಯಲ್ಲಿ ಹೇಳತೊಡಗಿದಳು. ನಡುನಡುವೆ ಮರಾಠಿ ನುಸುಳಿತು. ಅದು ಕಿವಿಗೆ ಬಿದ್ದದ್ದೇ ಆ ಹುಡುಗ ನೆಟ್ಟಗಾಗಿ, ಚಿಕ್ಕಮ್ಮನನ್ನು ಕರೆಯುವ ಹಾಗೆ, ನೀವು ಮರಾಠಿಯಲ್ಲೇ ಹೇಳಿ ಮಾವಶಿ ಎಂದ. ಅವನ ಊರು ರತ್ನಾಗಿರಿಯ ಹತ್ತಿರ. ಹೆಸರು ಸೂರಜ್ ತಾಂಡೇಲ್. ಆ ಅಡ್ಡಹೆಸರು ಕೇಳಿ ಬಚ್ಚ ಮೊದಲ ಸಲ ತಲೆಯೆತ್ತಿದ. ತಾಂಡೇಲರ ಮನೆಯವನೋ ಎಂದು ವಿಚಾರಿಸಿದ. ಅಜ್ಜನ ಕಾಲದವರೆಗೂ ನಮ್ಮದು ಬಲೆ ದೋಣಿಯ ಬದುಕೇ, ನಾನೊಬ್ಬ ಮೇಲಕ್ಕೆ ಹೋದೆ ಎಂದ ಹುಡುಗ. ಬಚ್ಚ ಒಳಗೆ ಹೋಗಿ, ಬಂದವರಿಗೆ ತಾನು ಕೂರುವ ಕುರ್ಚಿಯನ್ನೇ ತಂದು ಹಾಕಿದ.

ಜಲಜ ನೆರಳಿನಿಂದ ಹಿಡಿದು ಗಂಡ ಕೊಟ್ಟ ಮಜ್ಜಿಗೆಯವರೆಗೆ ಎಲ್ಲವನ್ನೂ ಹೇಳಿದಳು. ಸೂರಜ್ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ನೆರಳು ಮೈಮೇಲೆ ಬಿದ್ದಾಗ ಐಸಿನ ಪೆಟ್ಟಿಗೆಯ ಮುಚ್ಚಳ ತೆಗೆದ ಹಾಗಾಯಿತು, ಬೆರಳು ಮರಗಟ್ಟುವಷ್ಟು ತಂಪು, ಎಂದಾಗ ಅವನ ಪೆನ್ನು ನಿಂತಿತು. ಅವನು ಹಿರಿಯರ ಮುಖ ನೋಡಿದ. ಅವರೂ ಅವನನ್ನೇ ನೋಡುತ್ತಿದ್ದರು.

"ಮಾವಶಿ, ಅದು ತಣ್ಣಗಿತ್ತು ಅಂತ ನಿಮಗೆ ಯಾರು ಹೇಳಿದರು?"

ಜಲಜಳಿಗೆ ಆ ಗಳಿಗೆಯಲ್ಲಿ ಹಿಂದಿಯೂ ಬರಲಿಲ್ಲ, ಮರಾಠಿಯೂ ಬರಲಿಲ್ಲ. "ಯಾರ್ ಹೇಳುಕೆ? ನನ್ ಕೈಗೆ ಗೊತ್ತಾಯ್ತಲೆ," ಎಂದಳು. ಚಂದಯ್ಯ ಅದನ್ನು ಹಿಂದಿ ಮಾಡಿ ಹೇಳಿದ.

ಹಿರಿಯ ಅಧಿಕಾರಿ ಬಲೂನಿನ ಮಾತೆತ್ತಿದರು. ಹವಾಮಾನದವರು ಹಾರಿಬಿಡುವ ದೊಡ್ಡ ಬಲೂನು ಗಾಳಿಗೆ ಸಿಕ್ಕಿ ಕಡಲಿನಿಂದ ಬಂದಿರಬಹುದಲ್ಲ ಎಂದರು. ಜಲಜ ಬಾಯಿ ತೆರೆಯುವ ಮೊದಲೇ ಬಚ್ಚ ಮಾತಾಡಿದ. ಚಳಿಗಾಲದಲ್ಲಿ ಹತ್ತು ಗಂಟೆಯವರೆಗೆ ಇಲ್ಲಿ ಗಾಳಿ ಬೀಸುವುದು ನೆಲದಿಂದ ಕಡಲಿಗೆ, ಕಡಲಿನಿಂದ ನೆಲಕ್ಕಲ್ಲ. ಹತ್ತು ವರ್ಷಕ್ಕೂ ಮೇಲೆ ಆ ಗಾಳಿಯಲ್ಲೇ ಬೋಟು ಹೊರಡಿಸಿದವನು ನಾನು. ಬಲೂನಾದರೆ ಅರಬ್ಬಿ ಕಡೆ ಹೋಗಬೇಕಿತ್ತು, ನನ್ನ ಹೆಂಡತಿಯ ಮೀನಿನ ಮೇಲೆ ಬಂದು ನಿಲ್ಲುತ್ತಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಜಲಜ ಬೆರಗಾಗಿ ಗಂಡನನ್ನು ನೋಡಿದಳು. ಹಿರಿಯರು ಮೀಸೆಯಡಿಯಲ್ಲೇ ನಕ್ಕು, ಅದನ್ನೂ ಬರೆದುಕೋ ಎಂದು ಸೂರಜನಿಗೆ ಹೇಳಿದರು.

ಆಮೇಲೆಯೇ ಸೂರಜ್ ಫೈಲು ಬಿಚ್ಚಿದ್ದು. ಅದರೊಳಗೆ ಬೂದು ಬಣ್ಣದ ಒಂದು ಚಿತ್ರವಿತ್ತು. ಆ ಬೆಳಿಗ್ಗೆ ದೂರ ಕಡಲ ಮೇಲೆ ಹಾರುತ್ತಿದ್ದ ವಿಮಾನದ ಹೊಟ್ಟೆಯಲ್ಲಿರುವ ಕ್ಯಾಮೆರಾ ತೆಗೆದದ್ದು. ಅದು ಬೆಳಕನ್ನಲ್ಲ, ಬಿಸಿಯನ್ನು ನೋಡುವ ಕ್ಯಾಮೆರಾ ಎಂದು ಅವನು ವಿವರಿಸಿದ. ಬಿಸಿಯಿದ್ದದ್ದು ಬಿಳಿಯಾಗಿ ಕಾಣುತ್ತದೆ, ತಣ್ಣಗಿದ್ದದ್ದು ಕಪ್ಪಾಗಿ. ಹಾರುವ ಯಾವ ಯಂತ್ರವಾದರೂ ಎಂಜಿನ್ನಿನ ಬಿಸಿಗೆ ಬೆಳ್ಳಗೆ ಉರಿಯಬೇಕು. ಚಿತ್ರದ ನಡುವೆ ಇದ್ದದ್ದು ಮಸಿಯಂತೆ ಕಪ್ಪಗಿನ, ಉದ್ದುದ್ದ ದುಂಡಗಿನ ಒಂದು ಆಕೃತಿ. ಅದರ ಪಕ್ಕದಲ್ಲಿ ಮರಳು, ಸಾಲಾಗಿ ಎಂಟು ಬಲೆ ಹಾಸುಗಳು, ನಡುವಿನ ಒಂದು ಹಾಸಿನ ಪಕ್ಕದಲ್ಲಿ ಬೆಳ್ಳಗಿನ ಒಂದು ಚುಕ್ಕಿ.

"ಇದು ನೀವು," ಎಂದ ಸೂರಜ್.

ಜಲಜ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರ ಹಿಡಿದಳು. ಮುಖವಿಲ್ಲ, ಸೀರೆಯಿಲ್ಲ, ಅಕ್ಕಿಕಾಳಿನಷ್ಟು ಬಿಳುಪು ಮಾತ್ರ. ಆದರೂ ಅದು ತಾನೇ ಎಂದು ಅವಳಿಗೆ ಗೊತ್ತಾಯಿತು. ಬಲೆಯಿಂದ ಎರಡು ಹೆಜ್ಜೆ ಹಿಂದೆ, ತಾನು ಕೂತ ಜಾಗದಲ್ಲೇ ಅದಿತ್ತು.

ಆ ಬೆಳಿಗ್ಗೆ ಕ್ಯಾಮೆರಾದ ಮುಂದೆ ಕೂತಿದ್ದವನು ಸೂರಜನೇ. ಕಪ್ಪು ಆಕೃತಿಯನ್ನು ಕಂಡವನೂ ಅವನೊಬ್ಬನೇ. ಪೈಲಟ್ ತಿರುಗಿ ನೋಡುವಷ್ಟರಲ್ಲಿ ಅದು ಹೋಗಿಯಾಗಿತ್ತು. ಇಳಿದ ಮೇಲೆ ಕೆಲವರು ಹಕ್ಕಿ ಎಂದರು, ಕೆಲವರು ಕ್ಯಾಮೆರಾದ ಗಾಜಿಗೆ ಹತ್ತಿದ ಕೊಳೆ ಎಂದರು. ಕ್ಯಾಮೆರಾ ಬಿಚ್ಚಿ ನೋಡಿದರು, ಸರಿಯಾಗಿಯೇ ಇತ್ತು. ಅಂಥ ಕ್ಯಾಮೆರಾಗೆ ದೂರ ಅಳೆಯಲು ಬರುವುದಿಲ್ಲವಾದ್ದರಿಂದ, ಆ ವಸ್ತು ವಿಮಾನದ ಹತ್ತಿರವಿದ್ದ ಸಣ್ಣದೋ ನೆಲದ ಹತ್ತಿರವಿದ್ದ ದೊಡ್ಡದೋ ಎಂದು ತೀರ್ಮಾನಿಸಲಾಗಲಿಲ್ಲ. ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ಸೂರಜನಿಗೆ ಆ ಬಿಳಿ ಚುಕ್ಕಿ ಹಿಂದಕ್ಕೆ ಸರಿದು ನಿಂತದ್ದು ಕಂಡಿತು. ಅಲ್ಲಿ ಯಾರೋ ಅದನ್ನು ನೋಡಿದ್ದಾರೆ, ಅವರನ್ನು ಹುಡುಕೋಣ ಎಂದು ಹಿರಿಯರ ಬೆನ್ನು ಹತ್ತಿದ. ನಿಮ್ಮ ಹಾಗೇ ನನಗೂ ಬಿಸಿಲು ಹತ್ತಿದೆ ಎಂದರು ನಮ್ಮವರು, ಮಾವಶಿ, ಎಂದು ಅವನು ನಗುತ್ತ ಹೇಳಿದ.

ಎಲ್ಲರೂ ಮರಳಿಗೆ ಹೋದರು. ಸುಂದರಿಯೂ ಬೇಲಿ ದಾಟಿ ಬಂದು ಹಿಂದೆ ಸೇರಿಕೊಂಡಳು. ಗೂಟಗಳು ಹೊಡೆದಲ್ಲೇ ಇದ್ದವು, ಬಲೆಗಳು ಬಿಗಿದಲ್ಲೇ ಇದ್ದವು. ನೆರಳು ಎಲ್ಲಿಂದ ಎಲ್ಲಿಯವರೆಗೆ ಬಿದ್ದಿತ್ತೆಂದು ಹಿರಿಯರು ಕೇಳಿದರು. ಜಲಜ ಎರಡನೆಯ ಬಲೆಯ ಅಂಚಿಗೆ ಹೋಗಿ ನಿಂತಳು. ಅಲ್ಲಿ ಬೈಗೆ ಮುಗಿದು ನಂಗು ಶುರುವಾಗುವುದು, ಅವತ್ತೂ ಹಾಗೇ ಹರಡಿದ್ದೆ ಎಂದಳು. ನಂಗಿನ ಮೂರು ಬಲೆ ಪೂರ್ತಿ ಕಪ್ಪಾಗಿತ್ತು. ಅದರಾಚೆಯ ಬಲೆಗೆ ಬಿಸಿಲಿತ್ತು. ನೆರಳಿನ ಅಂಚು ಹೇಗಿತ್ತು ಎಂಬುದು ಹಿರಿಯರ ಮುಂದಿನ ಪ್ರಶ್ನೆ. ಅವಳು ಸ್ವಲ್ಪ ಯೋಚಿಸಿದಳು. ವಿಮಾನ ಹೋದರೆ ನೆರಳೇ ಬೀಳುವುದಿಲ್ಲ; ಗಿಡುಗ ತೆಂಗಿನ ಮೇಲೆ ಹಾರಿದರೆ ಬೀಳುವ ನೆರಳಿನ ಅಂಚು ಒಂಚೂರು ಮಸುಕಾಗಿರುತ್ತದೆ; ಇದೂ ಹಾಗೇ ಇತ್ತು, ಗೇಣಿನಷ್ಟು ಮಸುಕು. ದಿನವೂ ಗಿಡುಗನ ನೆರಳು ಕಂಡೇ ಕೋಲೆತ್ತುವವಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸೂರಜ್ ಟೇಪಿನ ಒಂದು ತುದಿ ಹಿಡಿದ, ಬಚ್ಚ ಇನ್ನೊಂದು ತುದಿ ಹಿಡಿದು ಮೊಣಕಾಲಿನ ನೋವು ಮರೆತು ಮರಳಿನಲ್ಲಿ ಕೂತ. ಹದಿನೆಂಟು ಅಡಿ. ಹಿರಿಯರು ಸೂರ್ಯನ ಕಡೆಗೊಮ್ಮೆ, ಮರಗಳ ಕಡೆಗೊಮ್ಮೆ ನೋಡಿ ಕಾಗದದ ಮೇಲೆ ಏನೋ ಗುಣಿಸಿ, ನೆಲದ ಹತ್ತಿರವಿದ್ದ ದೊಡ್ಡ ವಸ್ತುವೇ, ಹಕ್ಕಿಯಲ್ಲ, ಗಾಜಿನ ಕೊಳೆಯೂ ಅಲ್ಲ ಎಂದರು. ಮತ್ತೇನು ಎಂದು ಸುಂದರಿ ಕೇಳಿದಳು. ನನಗೆ ಗೊತ್ತಿಲ್ಲಮ್ಮ ಎಂದು ಅವರು ಹೇಳಿದ ರೀತಿ ಜಲಜಳಿಗೆ ಬಹಳ ಇಷ್ಟವಾಯಿತು. ಅಷ್ಟು ದೊಡ್ಡ ಅಧಿಕಾರಿ ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ಸುಲಭವಾಗಿ ಹೇಳಿದ್ದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಊಟ ಮಾಡದೆ ಹೋಗಕೂಡದೆಂದು ಬಚ್ಚ ಹಟ ಹಿಡಿದ. ಕುಚ್ಚಲಕ್ಕಿ ಗಂಜಿ, ಸುಟ್ಟ ನಂಗಿನ ಚಟ್ನಿ, ಹುಳಿ ಹಾಕಿದ ಬಂಗುಡೆ ಸಾರು. ಸೂರಜ್ ಎರಡು ಸಲ ಗಂಜಿ ಬಡಿಸಿಕೊಂಡ. ನಮ್ಮಜ್ಜಿ ಒಣಮೀನನ್ನು ಹೀಗೇ ಕೆಂಡದ ಮೇಲೆ ಸುಡುತ್ತಿದ್ದಳು ಎಂದು ನೆನೆಸಿಕೊಂಡ. ಹೊರಡುವಾಗ ಜಲಜ, ಆ ಚಿತ್ರದ್ದೊಂದು ಪ್ರತಿ ಸಿಕ್ಕೀತೇ ಎಂದು ಕೇಳಿದಳು. ಅದು ಸರ್ಕಾರದ್ದು, ಕೊಡಲಾಗುವುದಿಲ್ಲ, ನಾವು ತೋರಿಸಿದ್ದನ್ನು ಯಾರಿಗೂ ಹೇಳಲೂಬೇಡಿ ಎಂದರು ಹಿರಿಯರು. ಆಮೇಲೆ ಜೀಪಿನ ಬಾಗಿಲು ತೆರೆಯುತ್ತ, ನೀವು ಕಣ್ಣಾರೆ ಕಂಡದ್ದು ಮಾತ್ರ ನಿಮ್ಮದೇ, ಅದನ್ನು ಯಾರಿಗೆ ಬೇಕಾದರೂ ಹೇಳಬಹುದು ಎಂದು ಸೇರಿಸಿದರು.

ಜೀಪು ಹೋದ ಮೇಲೆ ಬಚ್ಚ ಬಲೆಯನ್ನು ಜಗಲಿಯಲ್ಲೇ ಬಿಟ್ಟು ಎದ್ದ. ಜಲಜ ಪಾತ್ರೆ ತೊಳೆಯುತ್ತಿದ್ದಲ್ಲಿಗೆ ಬಂದು ಕಲ್ಲಿನ ಮೇಲೆ ಕೂತ.

"ಅವತ್ತ್ ನಿಂಗೆ ಮಜ್ಜಿಗೆ ಕೊಟ್ಟದ್ದ್ ತಪ್ಪಾಯ್ತ್ ಹೆಣೆ."

"ಮಜ್ಜಿಗೆ ಒಳ್ಳೇದೇ ಇತ್ತ್," ಎಂದಳು ಜಲಜ.

ಏಪ್ರಿಲಿನಲ್ಲಿ ಸೂರಜ್ ಫೋನ್ ಮಾಡಿದ. ಫೈಲಿನಲ್ಲಿ ಕ್ಯಾಮೆರಾದ ದೋಷ ಎಂದು ಬರೆಯಲಿಲ್ಲವಂತೆ, ನೋಡಿದವನ ತಪ್ಪು ಎಂದೂ ಬರೆಯಲಿಲ್ಲವಂತೆ. ವಸ್ತು ಇದ್ದದ್ದು ನಿಜ, ಏನೆಂದು ತಿಳಿದಿಲ್ಲ ಎಂದು ಬರೆದು ಮುಗಿಸಿದರಂತೆ. ಅವನ ದನಿಯಲ್ಲಿದ್ದ ಹಗುರ ಕೇಳಿ ಅವಳಿಗೂ ಹಗುರವಾಯಿತು. ಮಳೆಗಾಲಕ್ಕೆ ಮೊದಲು ಎರಡು ಕಿಲೋ ನಂಗು ಕಳಿಸುತ್ತೇನೆ, ವಿಳಾಸ ಹೇಳು ಎಂದಳು.

ಈಗ ಶನಿವಾರದ ಸಂತೆಗೆ ಬಚ್ಚನೂ ಹೋಗುತ್ತಾನೆ. ಮೊಣಕಾಲು ಹೇಗಿದ್ದರೂ ಮೀನಿನ ಚೀಲ ತಾನೇ ಬಸ್ಸಿಗೇರಿಸುತ್ತಾನೆ. ಜಲಜ ತೂಕ ಮಾಡುತ್ತಿದ್ದರೆ ಅವನು ಪಕ್ಕದ ಚಾದಂಗಡಿಯ ಬೆಂಚಿನಲ್ಲಿ ಕೂತು, ತನ್ನ ಹೆಂಡತಿ ಕಂಡದ್ದನ್ನು ಹೋದವರಿಗೆ ಬಂದವರಿಗೆಲ್ಲ ಹೇಳುತ್ತಾನೆ. ಹೇಳುವಾಗ ಅವನ ಕೈ ಅಗಲವಾಗುತ್ತ ಹೋಗುತ್ತದೆ. ಕಳೆದ ವಾರ ಅದು ಮೂವತ್ತು ಅಡಿಗೆ ಬಂದಿತ್ತು. ಜಲಜ ತಕ್ಕಡಿಯಿಂದ ಕಣ್ಣು ತೆಗೆಯದೆ, "ಹದಿನೆಂಟ್, ಹ್ವಾಯ್," ಎಂದು ಕೂಗಿ ಹೇಳಿದಳು. ಗಿರಾಕಿ ಹೆಂಗಸೊಬ್ಬಳು ನಂಗು ಆರಿಸುವುದನ್ನು ಬಿಟ್ಟು, ಅದೆಂತ ಕತೆ, ಮೊದಲಿನಿಂದ ಹೇಳು ಜಲಜಕ್ಕ ಎಂದು ಮಣೆ ಎಳೆದುಕೊಂಡು ಕೂತಳು.