ಒದ್ದೆ ಬ್ಯಾಚು

"ಥೂ! ಮನುಷ್ಯರು ಇರೋ ಜಾಗಾನಾ ಇದು? ಕೋಳಿಗೂಡಾದ್ರೂ ವಾಸಿ."

ಮಕ್ಕಳ ಕಲ್ಯಾಣ ಕಚೇರಿಯ ಅಧಿಕಾರಿ ಎಡಗೈಯಲ್ಲಿ ಮೂಗು ಹಿಡಿದುಕೊಂಡು, ಬಲಗೈಯ ಪೆನ್ನಿನ ತುದಿಯಿಂದ ಅನ್ನದ ಪಾತ್ರೆಯ ಮುಚ್ಚಳ ಎತ್ತಿದ. ಬೆಳಗಿನ ಅನ್ನ ತಳ ಹಿಡಿದಿತ್ತು. ಮುಚ್ಚಳವನ್ನು ಅಲ್ಲೇ ಕೈಬಿಟ್ಟ. ಅದು ನೆಲದ ಮೇಲೆ ಗಿರಗಿರ ತಿರುಗಿ, ಅವನ ಬೂಟಿಗೆ ತಾಗಿ ಮಲಗಿತು.

ಪುಕ್ಕಿ ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಮಾರ್ಕೆಟ್ಟಿನ ಕೋಳಿ ಅಂಗಡಿಯಲ್ಲಿ ಪುಕ್ಕ ಕೀಳುವ ಕೆಲಸ ಅವಳದು. ಎಷ್ಟು ತೊಳೆದರೂ ತಲೆಗೂದಲಲ್ಲೋ ಹುಬ್ಬಿನಲ್ಲೋ ಒಂದೆರಡು ಬಿಳಿ ಎಳೆ ಅಂಟಿಕೊಂಡೇ ಇರುತ್ತಿದ್ದುದರಿಂದ ಓಣಿಯವರು ಆ ಹೆಸರಿಟ್ಟಿದ್ದರು. ಅವಳು ಪುಕ್ಕಲಿಯೂ ಹೌದು. ಮಾಲೀಕ ಕೆಮ್ಮಿದರೆ ಸಾಕು, ಎದ್ದು ನಿಲ್ಲುವಳು. ಒಂದೇ ಹೆಸರಿನಲ್ಲಿ ಎರಡು ಕೆಲಸ ನಡೆಯುತ್ತಿತ್ತು.

"ಕಿಟಕಿ ಎಷ್ಟು?"

"ಒಂದು, ಸಾಹೇಬ್ರೆ." ಪುಕ್ಕಿ ಬೆರಳು ತೋರಿಸಿದಳು.

"ಅದು ಕಿಟಕಿ ಅಲ್ಲ, ತೂತು." ಅಧಿಕಾರಿ ಪೆನ್ನು ಜೇಬಿಗಿಟ್ಟು, ಅದೇ ಕೈಯಲ್ಲಿ ಫೋನು ತೆಗೆದು ಹೆಬ್ಬೆರಳಿನಿಂದ ಅಂಕ ಒತ್ತಿದ. "ಮಗುವಿಗೆ ಪ್ರತ್ಯೇಕ ಹಾಸಿಗೆ?"

"ನನ್ನ, ನಮ್ಮತ್ತೆ ನಡುವೆ ಮಲಗ್ತಾಳೆ."

"ಇಲ್ಲ. ಆಟದ ಜಾಗ?"

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಪುಕ್ಕಿಯ ಅತ್ತೆ ಬಾಯಿ ತೆರೆದಳು. "ಬೀದಿ ಇದೆಯಲ್ಲಪ್ಪ. ಈ ತುದಿಯಿಂದ ಆ ತುದಿವರೆಗೂ ನಮ್ಮದೇ. ಜೊತೆಗೆ ಮೋರಿ ಫ್ರೀ."

"ಮನೆಯಲ್ಲಿ ಗಂಡಸರು ಯಾರಿದಾರೆ?"

"ಒಬ್ಬ ಇದ್ದ. ಆ ಹಲ್ಕಾನ ಹೆತ್ತವಳು ನಾನೇ. ಲಾರಿ ಹತ್ತಿದವನು ಇನ್ನೂ ಇಳಿದಿಲ್ಲ. ನಿಮ್ಮ ಫೋನಲ್ಲಿ ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ, ಕಪಾಳಕ್ಕೆ ಎರಡು ಬಿಡೋದಿದೆ."

ಅಧಿಕಾರಿ ನಗಲಿಲ್ಲ. "ನೂರಕ್ಕೆ ಹದಿನೆಂಟು. ಇಂಥ ಮನೆಗೆ ಮಗು ವಾಪಸ್ ಕಳಿಸೋಕಾಗಲ್ಲ," ಎಂದು ಹೊರಗೆ ಬಂದು, ಆಮೇಲೆ ಮೂಗು ಬಿಟ್ಟ.

"ಯಾವ ಬಡ್ಡಿಮಗ ಇಲ್ಲಿ ಪರೀಕ್ಷೆ ಕಟ್ಟಿದ್ದ, ಫೇಲಾಗೋಕೆ?" ಎಂದು ಅತ್ತೆ ಅವನ ಬೆನ್ನಿಗೆ ಕೂಗಿದಳು. ಪುಕ್ಕಿ ಅವಳ ಬಾಯಿ ಮುಚ್ಚಿದಳು.

ನಡೆದದ್ದು ಇಷ್ಟೇ. ಶಾಲೆಗೆ ರಜೆ ಇದ್ದ ದಿನ ಪುಕ್ಕಿ ಮಗಳು ಚಿಳ್ಳೆಯನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಅತ್ತೆಗೆ ಜ್ವರ, ಮನೆಯಲ್ಲಿ ಬಿಡುವಂತಿರಲಿಲ್ಲ. ಕೊಯ್ದ ಕೋಳಿ ಅದ್ದುವ ಬಿಸಿನೀರಿನ ಹಂಡೆ ವಾಲಿ ಹುಡುಗಿಯ ಪಾದ ಬೆಂದಿತು. ಹಂಡೆ ಕೂರಿಸುವ ಕಬ್ಬಿಣದ ಸ್ಟ್ಯಾಂಡಿನ ಒಂದು ಕಾಲು ಮುರಿದಿದೆ, ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದೇವೆ ಎಂದು ಮಾಲೀಕನಿಗೆ ಹೇಳಿ ಹೇಳಿ ಕೆಲಸದವರಿಗೆಲ್ಲ ಸಾಕಾಗಿತ್ತು. ಪುಕ್ಕಿ ಮಗಳನ್ನು ಹೊತ್ತುಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದಳು. ಡಾಕ್ಟರು ಮುಲಾಮು ಹಚ್ಚಿದರು, ಒಂದು ಫೋನೂ ಮಾಡಿದರು. ಸಂಜೆಯೊಳಗೆ ಜೀಪು ಬಂತು. ತಾಯಿಯ ನಿರ್ಲಕ್ಷ್ಯ, ಗಾಯ ಆರುವ ತನಕ ಮಗು ಸರ್ಕಾರದ ನಿಲಯದಲ್ಲಿರಲಿ ಅಂದರು. ಗಾಯ ಆರಿ, ಹೊಪ್ಪಳೆ ಉದುರಿ, ಹೊಸ ಚರ್ಮ ಬಂದು ಎಷ್ಟೋ ಕಾಲವಾಗಿತ್ತು. ಮಾಲೀಕನ ಮನೆ ಮುಂದೆ ಮಾತ್ರ ಯಾವ ಜೀಪೂ ನಿಲ್ಲಲಿಲ್ಲ.

ನಿಲಯದಲ್ಲಿ ತಾಯಂದಿರು ಮಕ್ಕಳನ್ನು ಭಾನುವಾರ ಕಂಬಿಯ ಆಚೆಯಿಂದ ನೋಡಬಹುದಿತ್ತು. ಆ ಭಾನುವಾರ ಚಿಳ್ಳೆ ಓಡಿ ಬರಲಿಲ್ಲ. ಕಾಲು ಅಗಲಿಸಿಕೊಂಡು, ತೊಡೆ ತೊಡೆಗೆ ತಾಗದಂತೆ ನಡೆದು ಬಂದಳು. ತಲೆ ಬೋಳಿಸಿದ್ದರು.

"ಏನಾಯ್ತೇ ತೊಡೆಗೆ?"

"ಉರಿ. ನಾನು ಒದ್ದೆ ಬ್ಯಾಚು, ಅವ್ವ."

"ಹಾಗಂದ್ರೆ?"

"ರಾತ್ರಿ ಹುಯ್ಕೊಳ್ಳೋರು. ನಮಗೆಲ್ಲ ತಲೆ ಬೋಳಿಸಿದಾರೆ. ಬೆಳಗ್ಗೆ ನಮ್ಮ ನಮ್ಮ ಹಾಸಿಗೆ ತಲೆ ಮೇಲೆ ಹೊತ್ಕೊಂಡು ಅಂಗಳದಲ್ಲಿ ನಿಂತ್ಕೋಬೇಕು. ಒಣಗೋ ತನಕ."

"ಮನೇಲಿ ನೀನು ಯಾವತ್ತೂ ಹುಯ್ಕೊಂಡವಳಲ್ಲ."

"ಇಲ್ಲಿ ಲೈಟ್ ಆರಿಸಿದ ಮೇಲೆ ಪಾಯಿಖಾನೆಗೆ ಬೀಗ ಹಾಕ್ತಾರೆ." ಚಿಳ್ಳೆ ಕಂಬಿಗೆ ಮುಖ ಒತ್ತಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು: "ಅವ್ವ, ಬ್ಯಾಚಿಗೆ ನಾನೇ ಲೀಡರ್ರು. ಬೇರೆಯವರು ಅತ್ತರೂ ನಾನು ಅಳಲ್ಲ."

ಪುಕ್ಕಿ ಕೇಳಿಯೇ ಬಿಡುತ್ತೇನೆ ಎಂದು ಮರುದಿನ ಅಧಿಕಾರಿಯ ಕಚೇರಿಗೆ ಹೋದಳು. ಬಾಗಿಲಿಗೆ ಬಂದವಳು ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತಳು. ಆದರೆ ಅವನೇ, "ಬಾಮ್ಮ, ಕೂತ್ಕೋ. ನಿನಗೇ ಹೇಳಿ ಕಳಿಸೋಣ ಅಂತಿದ್ದೆ," ಎಂದ. ಕುರ್ಚಿ ತೋರಿಸಿದ. ಪುಕ್ಕಿ ಕುರ್ಚಿಯ ತುದಿಗೆ ಕೂತಳು.

"ನೋಡು, ರಾಜಧಾನಿಯಿಂದ ಒಂದು ತಂಡ ಬರ್ತಾ ಇದೆ. ನಮ್ಮ ಸೇವೆಯ ಗುಣಮಟ್ಟ ಅಳೀತಾರೆ. ಜಿಲ್ಲೆ ಜಿಲ್ಲೆಗೂ ಅಂಕ. ಹೋದ ಸಲ ನಮಗೆ ಕೊನೇ ಜಾಗ ಬಂದು ನನ್ನ ಮಾನ ಹೋಯ್ತು. ಈ ಸಲ ಒಬ್ಬ ತಾಯಿ ಎದ್ದು ನಿಂತು ಒಂದು ಮಾತು ಹೇಳಬೇಕು. ಬಾಯಿ ಜೋರಿರೋರು ಬೇಡ. ನಿನ್ನಂಥವಳು ಬೇಕು."

"ಮಗಳು, ಸಾಹೇಬ್ರೆ?"

"ಅವತ್ತೇ ಕರ್ಕೊಂಡು ಹೋಗು."

"ಹದಿನೆಂಟೇ ಬಂದಿತ್ತಲ್ಲ?"

"ಎಂಬತ್ತು ಮಾಡ್ತೀನಿ."

"ಕಿಟಕಿ?"

"ಅದೂ ಆಗುತ್ತೆ ಬಿಡು."

ಪುಕ್ಕಿ ಮನೆಗೆ ಬಂದು ಮೊದಲು ಗೋಡೆ ನೋಡಿದಳು. ತೂತು ತೂತಾಗಿಯೇ ಇತ್ತು.

ಹೇಳಬೇಕಾದ ಮಾತನ್ನು ಅಧಿಕಾರಿ ಬಾಯಿಪಾಠ ಮಾಡಿಸಿ ಕಳಿಸಿದ್ದ: 'ಸೇವೆಯ ಗುಣಮಟ್ಟದಲ್ಲಿ ಗಣನೀಯ ಸುಧಾರಣೆ ಕಂಡಿದ್ದು ನನಗೆ ಸಂಪೂರ್ಣ ತೃಪ್ತಿ ಇದೆ.' ಪುಕ್ಕಿ ಕೋಳಿ ಕಾಲು ಹಿಡಿದು ಹಂಡೆಗೆ ಅದ್ದುತ್ತ ಅದನ್ನೇ ಹೇಳಿಕೊಂಡಳು. 'ಗಣನೀಯ' ಮಾತ್ರ ನಾಲಿಗೆಗೆ ಒಗ್ಗಲಿಲ್ಲ. ಒಮ್ಮೆ ಗಾಣನೀಯವಾಯಿತು, ಇನ್ನೊಮ್ಮೆ ಗಂಜಿನೀಯವಾಯಿತು. ಪಕ್ಕದಲ್ಲಿ ಕೊಯ್ಯುವವನು ಕತ್ತಿ ಕೆಳಗಿಟ್ಟು ನಕ್ಕ.

"ಸುಳ್ಳು ಹೇಳ್ಬೇಕಲ್ಲ ಅತ್ತೆ," ಎಂದಳು ಮನೆಯಲ್ಲಿ.

"ಹೇಳಿ ಬಿಸಾಕು ಮಗಳೇ. ಅವನು ಅಂಡಿಗೆ ಎಣ್ಣೆ ತಿಕ್ಕು ಅಂದ್ರೂ ತಿಕ್ಕು. ಮಗು ಮೊದಲು ಮನೆ ಸೇರಲಿ. ಉಗಿಯೋಕೆ ಜೀವಮಾನ ಪೂರ್ತಿ ಬಿದ್ದಿದೆ."

ತಂಡ ಬರುವ ದಿನ ಇಬ್ಬರೂ ಮಿಂದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ನಿಲಯಕ್ಕೆ ಹೋದರು. ಗೋಡೆಯ ಬಣ್ಣ ಇನ್ನೂ ಹಸಿಯಿತ್ತು. ಒರಗಿದ ಅತ್ತೆಯ ಭುಜ ಹಳದಿಯಾಯಿತು. ಅಂಗಳದಲ್ಲಿ ಹೊಸ ಜಾರುಬಂಡೆ, ಅದರ ಸುತ್ತ ಮಕ್ಕಳು ಹತ್ತಬಾರದೆಂದು ಹಗ್ಗ. ಹೊಸ ಅಂಗಿ ತೊಟ್ಟ ಮಕ್ಕಳು ಸಾಲಾಗಿ ನಿಂತು ಬಂದವರಿಗೆಲ್ಲ ನಮಸ್ಕಾರ ಹೊಡೆಯುತ್ತಿದ್ದರು. ಪುಕ್ಕಿ ಆ ಸಾಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಚಿಳ್ಳೆ ಇರಲಿಲ್ಲ. ಬೋಳು ತಲೆಯೇ ಒಂದೂ ಇರಲಿಲ್ಲ.

"ಪ್ರವಾಸ ಹೋಗಿದಾರೆ," ಎಂದ ಅಧಿಕಾರಿ ಓಡಾಟದ ನಡುವೆಯೇ. "ಸಂಜೆ ಬರ್ತಾರೆ. ನೀನು ಮಾತು ಮರೀಬೇಡ. ಗಣನೀಯ."

ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುತ್ತಿದ್ದ ಅಡುಗೆಯವಳು ತಲೆ ಎತ್ತದೆಯೇ ಹೇಳಿದಳು: "ಪ್ರವಾಸ ಅಂತೆ, ಪ್ರವಾಸ. ಹಿಂದೆ ಗೋಡೌನ್ ಹತ್ರ ಹೋಗಿ ನೋಡಿ ಅಕ್ಕ. ನಾನು ಹೇಳ್ದೆ ಅನ್ಬೇಡಿ."

ಗೋಡೌನಿನ ಹಿಂದೆ, ಬಿಸಿಲಲ್ಲಿ, ಕಿಟಕಿಯೆಲ್ಲ ಮುಚ್ಚಿದ ಬಸ್ಸು ನಿಂತಿತ್ತು. ಗಾಜಿನ ಒಳಗಡೆ ಬೋಳು ತಲೆಗಳು. ಡ್ರೈವರು ಚಕ್ರಕ್ಕೆ ಒರಗಿ ಬೀಡಿ ಸೇದುತ್ತಿದ್ದ.

"ಇದೇನೋ ಪ್ರವಾಸ?" ಎಂದಳು ಅತ್ತೆ.

"ನನ್ನ ಬೈಬೇಡಿ ಅಜ್ಜಿ. ಊರೆಲ್ಲ ಸುತ್ತಿಸು ಅಂದ್ರು. ಡೀಸೆಲ್ ಕೊಡ್ಲಿಲ್ಲ. ಇಲ್ಲೇ ಇಟ್ಕೋ, ಯಾರ ಕಣ್ಣಿಗೂ ಬೀಳಬಾರದು ಅಂದ್ರು."

"ನೀರು ಕೊಟ್ಟೆಯಾ?"

"ಕೊಡಬೇಡ ಅಂದಿದಾರೆ. ಕುಡಿದ್ರೆ ಸೀಟ್ ಮೇಲೆ ಹುಯ್ತಾರಂತೆ."

ಪುಕ್ಕಿ ಬಸ್ಸಿನ ಬಾಗಿಲಿಗೆ ಕೈ ಹಾಕಿದಳು. ಅದು ಬಿಗಿದುಕೊಂಡಿತ್ತು. ಕಾಲು ಕೊಟ್ಟು ಎಳೆದಳು. ದಿನವೆಲ್ಲ ಕೋಳಿ ಕಿತ್ತ ಕೈ. ಬಾಗಿಲು ಕಿರುಚಿಕೊಂಡು ತೆರೆಯಿತು. ಬಿಸಿಗಾಳಿಯ ಜೊತೆಗೆ ಮೂತ್ರದ ಘಾಟು ಮುಖಕ್ಕೆ ಹೊಡೆಯಿತು. ಚಿಳ್ಳೆ ಮೊದಲ ಸೀಟಿನಲ್ಲೇ ಇದ್ದಳು. ತುಟಿ ಒಡೆದಿತ್ತು. ಅವ್ವನನ್ನು ಕಂಡು ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಇಳೀಬಹುದಾ?" ಎಂದು ಕೇಳಿದಳು.

"ಇಳಿಯೇ ನನ್ನಮ್ಮ. ಎಲ್ಲರೂ ಇಳೀರಿ."

"ಅಕ್ಕ, ನನ್ನ ಕೆಲಸ ಹೋಗುತ್ತೆ!" ಡ್ರೈವರು ಎದ್ದ.

"ಹೋಗಲಿ ಬಿಡೋ, ಮುಂಡೇಮಗನೆ. ನಮ್ಮ ಅಂಗಡಿಗೆ ಬಾ, ಕೋಳಿ ತೊಳೆಯುವೆಯಂತೆ," ಎಂದಳು ಅತ್ತೆ. ಅವನು ಮತ್ತೆ ಕೂತ.

ಗೋಡೌನಿನ ಗೋಡೆಗೆ ಒಂದು ನಲ್ಲಿ ಇತ್ತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಬೊಗಸೆಯಲ್ಲಿ, ಬಾಯಲ್ಲಿ, ಅಂಗಿಯ ತುದಿಯಲ್ಲಿ ಹಿಡಿದು ಕುಡಿದರು. ಹೊಟ್ಟೆ ಗುಂಡಗಾಗುವ ತನಕ ಕುಡಿದರು. ಪುಕ್ಕಿ ನೋಡುತ್ತ ನಿಂತಳು. ಒಳಗೆ ಸಭಾಂಗಣದಲ್ಲಿ ಮೈಕು ಅವಳನ್ನೇ ಕೂಗಿತು: "ಈಗ ನಮ್ಮ ಸೇವೆಯ ಫಲಾನುಭವಿ, ಒಬ್ಬ ಬಡ ತಾಯಿ, ತಮ್ಮ ಅನುಭವ ಹಂಚಿಕೊಳ್ಳುತ್ತಾರೆ."

ಚಪ್ಪಾಳೆ ಕೇಳಿಸಿತು.

"ಹೋಗಿ ಹಂಚು," ಎಂದಳು ಅತ್ತೆ.

ಸಭಾಂಗಣದಲ್ಲಿ ತಂಪಾಗಿತ್ತು. ಪರದೆಯ ಮೇಲೆ ನಗುವ ಮಕ್ಕಳ ಚಿತ್ರ, ಮೇಲೇರುವ ಗೆರೆಗಳು. ಮುಂದಿನ ಸಾಲಿನಲ್ಲಿ ಕೆಂಪು ಮಖಮಲ್ಲಿನ ಸೋಫಾ. ಅದರಲ್ಲಿ ಅಳೆಯಲು ಬಂದ ಮೇಡಂ, ಅವರ ಜೊತೆಯ ಇಬ್ಬರು. ಪುಕ್ಕಿ ಒಳಗೆ ಬಂದಳು. ಅವಳ ಹಿಂದೆ ಒದ್ದೆ ಬ್ಯಾಚು ಬಂತು, ಅಂಗಿಯಿಂದ ನೀರು ತೊಟ್ಟಿಕ್ಕಿಸುತ್ತ, ಬರಿಗಾಲಲ್ಲಿ ಪಚಪಚ ಸದ್ದು ಮಾಡುತ್ತ. ಕಡೆಯಲ್ಲಿ ಹಳದಿ ಭುಜದ ಅತ್ತೆ.

"ಕೂತ್ಕೊಳ್ಳಿ ಮಕ್ಕಳೇ," ಎಂದಳು ಅತ್ತೆ. ಸೋಫಾದಲ್ಲಿ ಜಾಗವಿತ್ತು. ಕೂತರು. ಜಾಗ ಸಾಲದವರು ವೇದಿಕೆ ಹತ್ತಿ ಅಧಿಕಾರಿಗಳ ಖಾಲಿ ಕುರ್ಚಿಗಳಲ್ಲಿ ಕೂತರು. ಚಿಳ್ಳೆಗೆ ಸಿಕ್ಕಿದ್ದು ನಡುವಿನ ಎತ್ತರದ ಬೆನ್ನಿನ ಕುರ್ಚಿ.

ಅಧಿಕಾರಿ ಮೈಕನ್ನು ಅಂಗೈಯಿಂದ ಮುಚ್ಚಿ ಹಲ್ಲು ಕಚ್ಚಿದ. "ಏನೇ ಇದು, ಲೌಡಿ? ಮಗಳು ಬೇಕೋ ಬೇಡವೋ?"

ಮೈಕು ಪೂರ್ತಿ ಮುಚ್ಚಿರಲಿಲ್ಲ. ಇಡೀ ಸಭೆಗೆ ಕೇಳಿಸಿತು.

ಪುಕ್ಕಿ ಅವನ ಕೈಯಿಂದ ಮೈಕು ತೆಗೆದುಕೊಂಡಳು. ಕಲಿತದ್ದೆಲ್ಲ ಹಾರಿಹೋಗಿತ್ತು. "ಸಾಹೇಬ್ರು ಒಂದು ಮಾತು ಕಲಿಸಿದ್ರು. ಅದು ನನಗೆ ಬರ್ತಾ ಇಲ್ಲ," ಎಂದಳು. "ಇವರು ಒದ್ದೆ ಬ್ಯಾಚು. ರಾತ್ರಿ ಪಾಯಿಖಾನೆಗೆ ಬೀಗ ಹಾಕ್ತಾರೆ, ಅದಕ್ಕೆ ಹುಯ್ಕೊಳ್ತಾರೆ. ಬೆಳಗ್ಗೆ ಹಾಸಿಗೆ ತಲೆ ಮೇಲೆ ಹೊರಿಸ್ತಾರೆ. ಇವತ್ತು ನೀವು ಬರ್ತೀರಿ ಅಂತ ಬಸ್ಸಲ್ಲಿ ತುಂಬಿ ಇಟ್ಟಿದ್ರು, ನೀರೂ ಕೊಟ್ಟಿರಲಿಲ್ಲ. ನಮ್ಮನೆಗೆ ನೂರಕ್ಕೆ ಹದಿನೆಂಟು ಕೊಟ್ರಿ. ಇದಕ್ಕೆ ಎಷ್ಟು ಕೊಡ್ತೀರೋ ಕೊಡಿ."

ಅಧಿಕಾರಿ, "ಮೇಡಂ, ಇವಳಿಗೆ ತಲೆ ಸರಿ ಇಲ್ಲ," ಎಂದು ಶುರು ಮಾಡಿದ.

"ಅವ್ವ," ಎಂದಳು ಚಿಳ್ಳೆ ವೇದಿಕೆಯಿಂದ. ತೊಡೆ ಬಿಗಿ ಹಿಡಿದುಕೊಂಡಿದ್ದಳು. "ಬರ್ತಾ ಇದೆ."

"ಏಯ್! ಆ ಕುರ್ಚಿಯಿಂದ ಏಳು!" ಅಧಿಕಾರಿ ಓಡಿದ.

"ತಡ್ಕೋಬೇಡ ಮಗಳೇ," ಎಂದಳು ಪುಕ್ಕಿ. ಮೈಕು ಇನ್ನೂ ಬಾಯಿಯ ಹತ್ತಿರವೇ ಇದ್ದುದರಿಂದ ಆ ಮಾತು ಗೋಡೆ ಗೋಡೆಗೂ ಬಡಿಯಿತು. "ಹುಯ್ಯಿ. ಅಲ್ಲೇ ಹುಯ್ಯಿ."

ಚಿಳ್ಳೆ ಹುಯ್ದಳು. ಕುರ್ಚಿಯಿಂದ ಹಲಗೆಗೆ, ಹಲಗೆಯಿಂದ ಅಧಿಕಾರಿಯ ಬೂಟಿಗೆ. ಲೀಡರ್ ಶುರು ಮಾಡಿದ ಮೇಲೆ ಬ್ಯಾಚು ಸುಮ್ಮನಿರುತ್ತದೆಯೇ? ಮುಂದಿನ ಸಾಲಿನ ಮಖಮಲ್ಲಿನ ಕೆಂಪು ಅಲ್ಲಲ್ಲಿ ಕಪ್ಪಗಾಯಿತು. ಮೇಡಂ ಜೊತೆ ಬಂದ ಇಬ್ಬರೂ ಒಟ್ಟಿಗೆ ಎದ್ದು ನಿಂತರು.

ಮೇಡಂ ವೇದಿಕೆ ಹತ್ತಿ ಚಿಳ್ಳೆಯ ಮುಂದೆ ಬಗ್ಗಿದರು. ಒಳ್ಳೆಯ ದನಿ ಅವರದು. "ಪುಟ್ಟಿ, ನಿನಗೆ ಏನು ಬೇಕು ಹೇಳು."

ಚಿಳ್ಳೆ ಯೋಚಿಸಿದಳು. "ಒಣಗಿರೋ ಚಡ್ಡಿ."

ಮೇಡಂ ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ಸ್ಟೋರಿನವನ ಮುಖ ನೋಡಿದ. ಸ್ಟೋರಿನವನು, "ಇದೆ ಸಾರ್, ಹೊಸದು, ಪೆಟ್ಟಿಗೆ ತುಂಬಾ ಇದೆ. ಆದ್ರೆ ಎಣಿಕೆ ಆಗದೆ ಸೀಲ್ ಒಡೆಯೋ ಹಾಗಿಲ್ಲ. ಇವತ್ತು ತೋರಿಸೋಕೆ ಅಂತ ತರಿಸಿದ್ದು," ಎಂದ. ಮೇಡಂ ತಮ್ಮ ಕೈಯಲ್ಲಿದ್ದ ಪ್ರಶ್ನೆಪಟ್ಟಿಯ ಹಾಳೆಗಳನ್ನು ತಿರುವಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಇದನ್ನ ನಾವು ಗಂಭೀರವಾಗಿ ಪರಿಗಣಿಸ್ತೀವಿ," ಎಂದರು.

"ನೀವು ನಿಧಾನಕ್ಕೆ ಪರಿಗಣಿಸಿ ತಾಯಿ. ಮಗುವಿಗೆ ಚಳಿ ಆಗ್ತಿದೆ," ಎಂದು ಅತ್ತೆ ವೇದಿಕೆಯ ಮೇಜಿನ ಬಿಳಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಎಳೆತ ಎಳೆದಳು. ಟೀ ಕಪ್ಪು, ಹೂಕುಂಡ, ಫಲಕ ಎಲ್ಲ ಉರುಳಿದವು. ಮೊಮ್ಮಗಳನ್ನು ಆ ಬಟ್ಟೆಯಲ್ಲಿ ಸುತ್ತಿ ಪುಕ್ಕಿಯ ತೋಳಿಗೆ ಕೊಟ್ಟಳು. "ನಡಿ."

ಪುಕ್ಕಿ ನಡೆದಳು. "ಮಗು ಸರ್ಕಾರದ ಸುಪರ್ದಿನಲ್ಲಿದೆ! ಹಿಡೀರಿ ಅವಳನ್ನ!" ಎಂದು ಅಧಿಕಾರಿ ಅರಚಿದ. ಗೇಟಿನ ಕಾವಲುಗಾರ ಎದ್ದು ನಿಂತ. ಅವಳ ಮುಖ ನೋಡಿ, ತನ್ನ ಟೋಪಿ ಎಲ್ಲಿ ಬಿತ್ತೆಂದು ಹುಡುಕತೊಡಗಿದ.

ರಸ್ತೆಗೆ ಬಂದ ಮೇಲೆ ಪುಕ್ಕಿ ಹಿಂದೆ ತಿರುಗಿದಳು. ಬ್ಯಾಚು ಪೂರ್ತಿ ಹಿಂದೆಯೇ ಇತ್ತು. ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ ನೆಲಕ್ಕೆ ಎಳೆಯುತ್ತಿದ್ದ ಮೇಜಿನ ಬಟ್ಟೆಯ ಅಂಚು ಹಿಡಿದುಕೊಂಡಿದ್ದಳು.

"ಅಕ್ಕ, ನಾನೂ ಬರ್ಲಾ? ನಾನು ಜಾಸ್ತಿ ಹುಯ್ಯಲ್ಲ."

ಪುಕ್ಕಿ ತಲೆಗಳನ್ನು ಎಣಿಸಿದಳು. ಒಂದು ಕೋಣೆ, ಒಂದು ಪಾತ್ರೆ ಅನ್ನ. ಇಷ್ಟು ಮಕ್ಕಳನ್ನು ಎಲ್ಲಿ ಮಲಗಿಸುವುದು, ನಾಳೆ ಏನಾಗುವುದು, ಒಂದೂ ಹೊಳೆಯಲಿಲ್ಲ. ಅತ್ತೆ ಆ ಹುಡುಗಿಯ ಕೈ ಹಿಡಿದಳು. "ಎಷ್ಟು ಬೇಕೋ ಅಷ್ಟು ಹುಯ್ಕೋ. ನಡಿ."

ಹಿಂದೆ ಜೀಪು ಚಾಲೂ ಆದ ಸದ್ದು ಬಂತು. ಗೇಟು ದಾಟಿ, ಹಾರನ್ ಹೊಡೆಯುತ್ತ ಹತ್ತಿರಕ್ಕೆ ಬಂತು. ಚಿಳ್ಳೆ ಅವ್ವನ ಭುಜದ ಮೇಲಿಂದ ಬೋಳು ತಲೆ ಎತ್ತಿ ಕೂಗಿದಳು: "ಯಾರೂ ಓಡಬೇಡಿ! ಕೈ ಕೈ ಹಿಡ್ಕೊಳ್ಳಿ!"

ಮಕ್ಕಳು ರಸ್ತೆಯ ಅಗಲಕ್ಕೂ ಕೈ ಹಿಡಿದು ನಡೆದರು. ಜೀಪಿನ ಮೂತಿ ಅವರ ಬೆನ್ನಿಗೆ ತಾಗುವಷ್ಟು ಬಂದು ನಿಂತು, ಮತ್ತೆ ತೆವಳಿ, ಮತ್ತೆ ನಿಂತು, ಒಂದೇ ಸಮನೆ ಅರಚುತ್ತಿತ್ತು. ಒಬ್ಬರೂ ಪಕ್ಕಕ್ಕೆ ಸರಿಯಲಿಲ್ಲ.