ಅಂಗಳದ ಹಾಲುಗಂಬ

ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಹಾಲುಗಂಬವನ್ನು ಕಿತ್ತು ತೋಟದ ಬೇಲಿಗೆ ನೆಡಬೇಕು. ಮಲ್ಲಿಪಟ್ಟಣದ ರಂಗಸ್ವಾಮಿ ಮಗನ ಮದುವೆಯಾದ ಮೇಲೆ ಕೀಳಲಿಲ್ಲ. ಎಮ್ಮೆ ಕಟ್ಟಲು ಪುಕ್ಕಟೆ ಗೂಟ ಸಿಕ್ಕಿತಲ್ಲ ಎಂದು ಅಂಗಳದಲ್ಲೇ ಬಿಟ್ಟ. ಅರಿಸಿನ ಕುಂಕುಮ ಹಚ್ಚಿ, ಹಾಲುತುಪ್ಪ ಬಿಟ್ಟು ನೆಟ್ಟ ಹಾಲವಾಣದ ಹಸಿ ಕಂಬ ಅದು. ಹಾಲವಾಣದ ತುಂಡು ಎಲ್ಲಿ ಊರಿದರೂ ಚಿಗುರುತ್ತದೆ ಎಂಬುದು ಹುಟ್ಟಾ ರೈತನಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ಕೀಳುವುದನ್ನು ನಾಳೆ ನಾಳೆ ಎಂದು ಮುಂದೂಡಿದ.

ಮಳೆ ಬಿದ್ದದ್ದೇ ತಡ, ಕಂಬ ಚಿಗುರಿತು. ಹೆಂಡತಿ ನಂಜಮ್ಮ ಊರಿಗೆಲ್ಲ ಸಾರಿದಳು.

“ನೋಡ್ರವ್ವಾ, ನನ್ ಸೊಸೆ ಕಾಲ್ಗುಣ! ಹಾಲುಗಂಬ ಚಿಗುರ್ಬುಡ್ತು. ಈ ಮರ ಇರೋಗಂಟ ಅವ್ರಿಬ್ರೂ ಚೆನ್ನಾಗಿರ್ತಾರೆ ಕಣ್ರವ್ವಾ.”

ಅಂದಿನಿಂದ ಅದು ಮನೆದೇವರಾಯಿತು. ಮೇಕೆಗೆಂದು ಒಂದು ಹಿಡಿ ಸೊಪ್ಪು ಕೊಯ್ಯುವಂತಿರಲಿಲ್ಲ. ಮೂರನೇ ವರ್ಷಕ್ಕೆ ಕಾಂಡ ದಪ್ಪವಾಗಿ, ಕೊಂಬೆ ಹರಡಿ ಅಂಗಳ ತುಂಬಿತು. ಆ ವರ್ಷವೇ ರಂಗಸ್ವಾಮಿ ಟ್ರ್ಯಾಕ್ಟರ್ ಕೊಂಡ. ಗೇಟು ತೆರೆದರೆ ಎದುರಿಗೆ ಮರ! ಟ್ರ್ಯಾಕ್ಟರ್ ಬೀದಿಯಲ್ಲೇ ಉಳಿಯಿತು. ಎದುರುಮನೆ ಪರಮಶಿವಯ್ಯನ ಕೋಳಿಗಳು ಅದರ ಸೀಟಿನ ಮೇಲೆ ಕೂತು ಗಲೀಜು ಮಾಡತೊಡಗಿದವು. ದಿನಾ ಬೆಳಿಗ್ಗೆ ಅದನ್ನು ಒರೆಸುವಾಗ ರಂಗಸ್ವಾಮಿಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ನಂಜಮ್ಮ ಹೊಲಕ್ಕೆ ಹೋದದ್ದನ್ನು ನೋಡಿಕೊಂಡು, ಹಂಡೆಯಲ್ಲಿ ಉಪ್ಪುನೀರು ಕುದಿಸಿ ಮರದ ಬುಡಕ್ಕೆ ಹುಯ್ದ. ತಾನಾಗಿ ಒಣಗಿದರೆ ಯಾರೇನು ಮಾಡಲಾದೀತು?

ಅದೇ ವಾರ ಮನೆಯಲ್ಲಿ ಬೇರೆಯೇ ರಾದ್ಧಾಂತವಾಯಿತು. ಮಗ ಶಶಿಕುಮಾರ್ ನೆಂಟರ ಜೊತೆ ಊಟಕ್ಕೆ ಕೂತವನು, “ಉಪ್ಸಾರು ನಮ್ಮವ್ವ ಮಾಡ್ದಂಗೆ ಬರಲ್ಲ ಬುಡಿ ಇವ್ಳಿಗೆ” ಅಂದುಬಿಟ್ಟ. ಸೊಸೆ ನಿಸರ್ಗ ಸೌಟನ್ನು ಅಲ್ಲೇ ಇಟ್ಟು ಚನ್ನರಾಯಪಟ್ಟಣದ ತವರಿಗೆ ಹೊರಟುಹೋದಳು.

ಅವಳ ಹಿಂದೆಯೇ ಮರದ ಎಲೆಗಳೂ ಉದುರಿದವು. ಚಳಿ ಮುಗಿಯುವಾಗ ಹಾಲವಾಣ ಎಲೆ ಉದುರಿಸುವುದು ಹೊಸದೇನಲ್ಲ. ಆದರೆ ತೋಟದ ಬೇಲಿಯ ಹಾಲವಾಣಗಳೆಲ್ಲ ಬರಿಕೊಂಬೆಯ ತುಂಬ ಕೆಂಪು ಹೂ ಬಿಟ್ಟರೂ ಅಂಗಳದ್ದು ಮಾತ್ರ ಬೋಳಾಗಿಯೇ ನಿಂತಿತ್ತು.

“ಸೊಸೆ ಒಂಟೋದ್ಲು, ಮರಾನೂ ಓಯ್ತು. ಇನ್ನೇನದೆ ಈ ಮನೇಲಿ?” ಎಂದು ನಂಜಮ್ಮ ಮರದ ಬುಡದಲ್ಲಿ ಕೂತು ಸೆರಗಿನಿಂದ ಮೂಗೊರೆಸಿಕೊಂಡಳು.

ಇಂಥದ್ದನ್ನೆಲ್ಲ ನಂಬುವ ಆಸಾಮಿಯಲ್ಲ ರಂಗಸ್ವಾಮಿ. ಆದರೆ ನಂಬದೆ ಇರುವಷ್ಟು ಧೈರ್ಯ ಈಗ ಬರಲಿಲ್ಲ. ನಿಸರ್ಗಳಿಲ್ಲದ ಮನೆ ಭಣಗುಡುತ್ತಿತ್ತು. ಅವನ ಹಳೇ ತಮಾಷೆಗಳಿಗೆ ಆ ಮನೆಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ. ಹೆಣ್ಣುಮಕ್ಕಳಿಲ್ಲದ ಅವನಿಗೆ ಅವಳೇ ಮಗಳಾಗಿದ್ದಳು.

“ಓಗಿ ಕರ್ಕಂಡ್ ಬಾ ಓಗ್ಲಾ” ಅಂದರೆ ಮಗ, “ಓದೋಳು ತಾನೇ ಬತ್ತಾಳೆ” ಎಂದು ಗೋಡೆ ಕಡೆ ಮುಖ ತಿರುಗಿಸಿದ. ಕೊನೆಗೆ ರಂಗಸ್ವಾಮಿಯೇ ಬಸ್ಸು ಹತ್ತಿದ.

ಬೀಗರ ಮನೆಯಲ್ಲಿ ಸೊಸೆ ಕಾಫಿ ಲೋಟ ಕೈಗಿತ್ತದ್ದೇ ಎಲ್ಲ ಬಾಯಿಬಿಟ್ಟ.

“ಅವ್ವಾ, ಹಾಲುಗಂಬುಕ್ಕೆ ಉಪ್ಪುನೀರು ಹುಯ್ದೋನು ನಾನೇ ಕಣವ್ವ. ಅದ್ಕೇ ಇಂಗೆಲ್ಲಾ ಆಯ್ತೇನೋ. ಬಂದ್ಬುಡವ್ವ.”

ನಿಸರ್ಗ ಕಣ್ಣರಳಿಸಿ ನೋಡಿದಳು. ಆಮೇಲೆ ನಗು ತಡೆಯಲಾಗಲಿಲ್ಲ.

“ಅಯ್ಯೋ ಮಾವ, ನಾನ್ ಬಂದಿದ್ದು ಸಾರಿನ ಜಗಳಕ್ಕೆ. ಯಾರಾದ್ರೂ ಬಂದು ಕರೀಲಿ ಅಂತ ಕಾಯ್ತಿದ್ದೆ. ನೀವಾದ್ರೂ ಬಂದ್ರಲ್ಲ!” ಎನ್ನುವಾಗ ನಗುತ್ತಿದ್ದವಳ ಕಣ್ಣು ತುಂಬಿತು.

ಊರಿಗೆ ಬಂದವಳು ಮೊದಲು ಮರದ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿತ್ತು.

“ಜೀವ ಅದೆ ಕಣತ್ತೆ. ಆದ್ರೂ ಮಾವುನ್ ಟ್ರ್ಯಾಕ್ಟ್ರು ಬೀದೀಲಿ ಎಷ್ಟ್ ದಿನ ನಿಲ್ತದೆ? ಕಡ್ಸಿಬುಡಿ. ನಮ್ ಸಂಸಾರ ನಾವ್ ನೋಡ್ಕತೀವಿ.”

ಸೊಸೆಯ ಮುಖ ಕಂಡು ಕರಗಿಹೋಗಿದ್ದ ನಂಜಮ್ಮ, “ಅವ್ಳೇ ಏಳ್ತಾವ್ಳಲ್ಲ, ಕಡೀರಿ” ಅಂದಳು. ಶಶಿಕುಮಾರ್ ಹಿತ್ತಲಿನಿಂದ ಕೊಡಲಿ ತಂದ. ರಂಗಸ್ವಾಮಿ ಧಾವಿಸಿ ಅದನ್ನು ಕಿತ್ತುಕೊಂಡ.

“ಮುಟ್ಟುದ್ರೆ ಕಾಲ್ ಮುರೀತೀನಿ ಕಣ್ಲಾ! ನಿನ್ ಬಾಯಿ ಎಂತಾದ್ದು ಅಂತ ನಂಗೊತ್ತಿಲ್ವಾ? ನಾಳೆ ಪಲ್ಯದ ಮಾತು ಎತ್ತೀಯೆ. ಇರ್ಲಿ ಮರ!”

ಮರುದಿನ ಬೆಳಿಗ್ಗೆ, ಮರ ತಪ್ಪಿಸಿ ಟ್ರ್ಯಾಕ್ಟರ್ ಒಳಗೆ ತರಲು, ರಂಗಸ್ವಾಮಿ ಹಾರೆ ಹಿಡಿದು ಕಾಂಪೌಂಡ್ ಗೋಡೆಯನ್ನೇ ಒಡೆಯತೊಡಗಿದ.